ಎರಡೂ ಐಸ್‌ಕ್ಯಾಂಡಿ ತಿಂದವಳು ನಾನೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಪೆನ್ನು ಹಿಡಿಯಬೇಡ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅವರಿಗೇನು, ಶಶಿಕಲಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರಲ್ಲ.

ಆದದ್ದು ಇಷ್ಟು. ನಮ್ಮ ಹೈಸ್ಕೂಲಿನ ಹಳೆಯ ಸಹಪಾಠಿಗಳು ಯಾರೋ ಸೇರಿ ವಾಟ್ಸ್ಯಾಪಿನಲ್ಲಿ ಒಂದು ಗುಂಪು ಕಟ್ಟಿದರು. ಶಾಲೆ ಬಿಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಬೆಳಗಾದರೆ ಸೂರ್ಯನ ಚಿತ್ರ, ಹೂವಿನ ಚಿತ್ರ ಹಾಕತೊಡಗಿದರು. ನಾನೂ ಒಂದೆರಡು ಹೂ ಹಾಕಿದೆ. ಮಿಶ್ರಿಕೋಟಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳ ಜೊತೆ ದಿನವಿಡೀ ಒದರಿ ಮನೆಗೆ ಬಂದವಳಿಗೆ ಇಂಥದೊಂದು ಸಮಾಧಾನ ಇರಲಿ ಎಂದುಕೊಂಡೆ. ಹೀಗಿರುವಾಗ ಒಂದು ಸಂಜೆ ಚಹಾಕ್ಕೆ ಹಾಲು ಇಟ್ಟು ಮೊಬೈಲು ತೆಗೆದರೆ ಶಶಿಕಲಾಳ ಒಂದು ಸಾಲು ಇತ್ತು. "ನಮ್ಮ ಗಿರಿಜಾ ಐಸ್‌ಕ್ಯಾಂಡಿ ತಿನಿಸಿ ನೀಲಾನ ದನಿ ಕೆಡಿಸಿದ್ದು ಯಾರ್ಯಾರಿಗೆ ನೆನಪೈತಿ?" ಅದರ ಮುಂದೆ ಕಣ್ಣೀರು ಬರುವ ಹಾಗೆ ನಗುವ ಐದು ಮುಖಗಳು.

ಎಲ್ಲರಿಗೂ ನೆನಪಿತ್ತು. ಒಂಬತ್ತನೆಯ ಇಯತ್ತೆಯ ಭೂಗೋಳ ಒಬ್ಬರಿಗೂ ನೆನಪಿರಲಿಕ್ಕಿಲ್ಲ, ನಾನು ಮಾಡದ ತಪ್ಪು ಮಾತ್ರ ಎಲ್ಲರಿಗೂ ಅಂಗೈಯಲ್ಲಿ ಇಟ್ಟುಕೊಂಡಷ್ಟು ಸ್ಪಷ್ಟವಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಒಬ್ಬ, ಈಗ ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ, ಅವನೂ "ಗಿರಿಜಾ ಅಗದಿ ಡೇಂಜರ್ ಇದ್ಲ ಬಿಡ್ರಿ" ಎಂದು ಬರೆದ. ನಾನು "ಶುದ್ಧ ಸುಳ್ಳು" ಎಂದು ಬರೆದೆ. ಹಾಲು ಉಕ್ಕಿ ಒಲೆ ಆರಿತು. ಆಮೇಲೆ ನನ್ನ ಮಾತನ್ನು ಯಾರು ಯಾರು ಓದಿದರು ಎಂದು ಒತ್ತಿ ನೋಡಿದೆ. ಆ ಪಟ್ಟಿಯಲ್ಲಿ ನೀಲಾಳ ಹೆಸರೂ ಇತ್ತು. ಓದಿದ್ದಳು. ಓದಿ ಸುಮ್ಮನಿದ್ದಳು.

ನನ್ನ ಸಿಟ್ಟು ಶಶಿಕಲಾಳ ಮೇಲೆ ಎಂದುಕೊಂಡಿರಾ? ಅವಳ ಮೇಲೂ ಹೌದು. ಆದರೆ ನೀವೇ ಯೋಚನೆ ಮಾಡಿ. ನಾನು ನೀಲಾಳಿಗೆ ಐಸ್‌ಕ್ಯಾಂಡಿ ತಿನಿಸಿದೆನೋ ಇಲ್ಲವೋ ಎನ್ನುವುದು ಶಶಿಕಲಾಳಿಗೆ ಗೊತ್ತಿರದಿರಬಹುದು, ಊರಿಗೆ ಗೊತ್ತಿರದಿರಬಹುದು. ನೀಲಾಳಿಗೆ ಗೊತ್ತಿರಬೇಕಲ್ಲವೇ? ಬಾಯಿ ಅವಳದು.

ನಾನು, ನೀಲಾ ಇಬ್ಬರೂ ಮೊರಬದ ಕಡೆಯ ಒಂದು ಸಣ್ಣ ಊರಿನವರು. ಒಂದನೆಯ ಇಯತ್ತೆಯಿಂದ ಕೂಡಿಯೇ ಓದಿದವರು. ಹೈಸ್ಕೂಲು ನಾಲ್ಕು ಮೈಲು ದೂರದ ಊರಿನಲ್ಲಿತ್ತು. ಎಂಟನೆಯದರಲ್ಲಿ ಸರ್ಕಾರದ ಸೈಕಲ್ಲು ಸಿಕ್ಕ ಮೇಲೆ ನಮ್ಮಿಬ್ಬರಿಗೆ ರೆಕ್ಕೆ ಬಂದವು ಎಂದು ಬರೆಯಬಹುದಿತ್ತು, ಆದರೆ ನಮ್ಮ ಕಡೆಯ ಎರೆ ಮಣ್ಣು ಕಂಡವರು ಯಾರೂ ಅದನ್ನು ನಂಬುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಹಿಟ್ಟಿನ ಮುದ್ದೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಸೈಕಲ್ಲು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಆಗ ಒಬ್ಬಳು ಹಿಂದಿನ ಗಾಲಿ ಎತ್ತಿ ಹಿಡಿಯಬೇಕು, ಇನ್ನೊಬ್ಬಳು ಜಾಲಿಕಟ್ಟಿಗೆಯಿಂದ ಮಣ್ಣು ಕೆದರಬೇಕು. ಇಪ್ಪತ್ತು ಹೆಜ್ಜೆಗೆ ಒಮ್ಮೆ ಹೀಗೆ. ಮೊದಲು ಅವಳ ಗಾಲಿ, ಆಮೇಲೆ ನನ್ನದು. ಶಾಲೆ ಮುಟ್ಟುವ ಹೊತ್ತಿಗೆ ಮೊದಲ ಪಿರಿಯಡ್ಡು ಮುಗಿದಿರುತ್ತಿತ್ತು, ನಮ್ಮಿಬ್ಬರ ನೀಲಿ ಸಮವಸ್ತ್ರ ಮೊಣಕಾಲಿನವರೆಗೆ ಕಪ್ಪಾಗಿರುತ್ತಿತ್ತು. ಬೈಸಿಕೊಳ್ಳುವಾಗಲೂ ಕೂಡಿಯೇ ನಿಲ್ಲುತ್ತಿದ್ದೆವು. ಗೆಳೆತನ ಎಂದರೆ ಅದೇ ಎಂದು ನಾನು ತಿಳಿದಿದ್ದೆ.

ನೀಲಾಳ ಅಪ್ಪನಿಗೆ ಕುರಿಗಳಿದ್ದವು. ಅವಳ ದನಿ ಕುರಿಗಳಿಂದ ಬಂದದ್ದು ಎಂದು ನನ್ನ ಎಣಿಕೆ. ಹೊಲದ ಆ ಅಂಚಿನಲ್ಲಿ ಕುರಿ ಮೇಯಿಸುವ ಅಪ್ಪನನ್ನು ಈ ಅಂಚಿನಲ್ಲಿ ನಿಂತು ಊಟಕ್ಕೆ ಕರೆದು ಕರೆದು ಬೆಳೆದ ದನಿ. ಚೀರುತ್ತಿರಲಿಲ್ಲ, ಸುಮ್ಮನೆ ಎತ್ತಿ ಬಿಡುತ್ತಿದ್ದಳು, ಅದು ಜೋಳದ ಮೇಲಿಂದ ತಾನಾಗಿ ಹೋಗುತ್ತಿತ್ತು. ನನ್ನ ದನಿಯೂ ಕೆಟ್ಟದ್ದೇನಲ್ಲ. ಈಗಲೂ ಶಾಲೆಯಲ್ಲಿ ನಾಡಗೀತೆಗೆ ನಾನೇ ಮುಂದೆ ನಿಲ್ಲುತ್ತೇನೆ. ಬೇರೆ ಯಾರೂ ನಿಲ್ಲಲು ಒಪ್ಪದ್ದಕ್ಕೆ ನಿಲ್ಲುತ್ತೇನೆ ಎಂದು ಸಹೋದ್ಯೋಗಿಗಳು ಹೇಳಿದರೆ ನಂಬಬೇಡಿ.

ನಮ್ಮ ಮನೆಯಲ್ಲಿ ನಮ್ಮ ಆಯಿ ಇದ್ದಳು, ಅಪ್ಪನ ತಾಯಿ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಬೇಳೆ ಒಡೆಯಲು ಅವಳು ಬೀಸುವ ಕಲ್ಲಿಗೇ ಕೂರುತ್ತಿದ್ದಳು. ಕೂತರೆ ಪದ ಬರುತ್ತಿತ್ತು. ಅದರಲ್ಲಿ ಒಂದು ಪದ, ತವರಿನಿಂದ ಅಣ್ಣ ಕರೆಯಲು ಬರುತ್ತಾನೆ ಎಂದು ಹಾದಿ ನೋಡುವ ತಂಗಿಯದು. ಅಣ್ಣಯ್ಯಾ ಎನ್ನುವ ಕಡೆ ಆಯಿ ದನಿಯನ್ನು ಒಂದು ಸಲ ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲೆತ್ತುತ್ತಿದ್ದಳು. ಬಾಗಿಲಿಗೆ ಯಾರೋ ಬಂದರು ಎಂದು ಎದ್ದು, ಅವನಲ್ಲ ಎಂದು ಮತ್ತೆ ಕೂತ ಹಾಗೆ. ನಾನು, ನೀಲಾ ಇಬ್ಬರೂ ಕಲ್ಲಿನ ಆಚೆ ಈಚೆ ಕೂತು ಗೂಟ ಹಿಡಿದು ತಿರುವುತ್ತ ಆ ಪದ ಕಲಿತೆವು. ನನಗೆ ಎಲ್ಲ ನುಡಿಗಳೂ ಬಾಯಿಪಾಠ ಬಂದವು. ಆ ಬಾಗು ಬರಲಿಲ್ಲ. ನೀಲಾಳಿಗೆ ನಾಲ್ಕನೆಯ ನುಡಿ ಯಾವಾಗಲೂ ಮರೆಯುತ್ತಿತ್ತು, ಬಾಗು ಮಾತ್ರ ಮೊದಲ ದಿನವೇ ಬಂತು.

ಶಶಿಕಲಾ ಬಂದದ್ದು ಒಂಬತ್ತನೆಯದರಲ್ಲಿ. ಅವಳ ಅಪ್ಪ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್, ಅಣ್ಣಿಗೇರಿಯಿಂದ ವರ್ಗವಾಗಿ ಬಂದಿದ್ದರು. ಅವಳ ಕೈಯಲ್ಲಿ ಗಡಿಯಾರವಿತ್ತು, ಅವಳ ಮನೆಯಲ್ಲಿ ಡಿಶ್ ಟಿವಿ ಇತ್ತು. ಬೆಂಚುಗಳು ತುಂಬಿದ್ದರಿಂದ ನಮಗೆ ಕನ್ನಡ ಕಲಿಸುವ ಅಕ್ಕೋರು ಅವಳನ್ನು ನಮ್ಮ ಬೆಂಚಿಗೆ ಕೂರಿಸಿದರು. ಗೋಡೆಯ ಕಡೆ ನೀಲಾ, ನಡುವೆ ನಾನು, ತುದಿಗೆ ಶಶಿಕಲಾ. ಒಂದು ದಿನ ನನಗೆ ಜ್ವರ ಬಂದು ಶಾಲೆ ತಪ್ಪಿಸಿದೆ. ಮರುದಿನ ಹೋದರೆ ನಡುವೆ ಶಶಿಕಲಾ ಕೂತಿದ್ದಳು.

"ಅದು ನನ್ನ ಜಾಗ" ಎಂದೆ.

"ಜಾಗಕ್ಕ ಹೆಸರ ಬರದಾರೇನು? ತುದೀಗೆ ಗಾಳಿ ಚಲೋ ಬರತೈತಿ, ಕೂಡ್ರಲೇ" ಎಂದಳು ಶಶಿಕಲಾ.

ನಾನು ನೀಲಾಳ ಕಡೆ ನೋಡಿದೆ. ಅವಳು ನಗುತ್ತ "ಒಂದಿನ ಕೂಡ್ರಲಿ ಬಿಡಬೇ" ಎಂದಳು. ಆ ಒಂದು ದಿನ ಇನ್ನೂ ಮುಗಿದಿಲ್ಲ. ನಾನು ಅಂದಿನಿಂದ ಅಕ್ಟೋಬರದವರೆಗೆ ಅರ್ಧ ತೊಡೆ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಇಟ್ಟುಕೊಂಡು ವಿದ್ಯಾಭ್ಯಾಸ ಮಾಡಿದವಳು.

ಶಶಿಕಲಾ ಟಿವಿಯಲ್ಲಿ ಹಾಡಿನ ಸ್ಪರ್ಧೆಗಳನ್ನು ನೋಡುತ್ತಿದ್ದಳು. ಅಲ್ಲಿನ ತೀರ್ಪುಗಾರರ ಮಾತುಗಳನ್ನು ಹೊತ್ತು ತಂದು ನಮ್ಮ ಮೇಲೆ ಸುರಿಯುತ್ತಿದ್ದಳು. "ನೀಲಾಂದು ಪಿಚ್ ಅಗದಿ ಚಲೋ ಐತಿ. ಗಿರಿಜಾ, ನಿಂದು ಸ್ವಲ್ಪ ಫ್ಲಾಟ್ ಬರತೈತಿ." ಪಿಚ್ ಎಂದರೆ ಹುಡುಗರು ಕ್ರಿಕೆಟ್ಟಿಗೆ ನೀರು ಹೊಡೆದು ತಟ್ಟುವ ನೆಲ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಆದರೂ ಫ್ಲಾಟ್ ಎಂದರೆ ಒಳ್ಳೆಯದಲ್ಲ ಎಂದು ನನಗೆ ತಿಳಿಯಿತು. ನೀಲಾ ಅದನ್ನು ಕೇಳಿ ಕಿವಿಯವರೆಗೆ ಕೆಂಪಾಗುತ್ತಿದ್ದಳು. ಹೊಗಳಿಕೆಗೆ ಕೆಂಪಾಗುವ ಹುಡುಗಿಯನ್ನು ನೋಡುವುದು ಎಷ್ಟು ಕಷ್ಟ ಎನ್ನುವುದು, ಬಾಜೂಕ ಕೂತು ನೋಡಿದವರಿಗೇ ಗೊತ್ತು.

ಅಕ್ಟೋಬರದಲ್ಲಿ ನವಲಗುಂದದಲ್ಲಿ ತಾಲೂಕಿನ ಶಾಲೆಗಳ ಜಾನಪದ ಗೀತೆಯ ಸ್ಪರ್ಧೆ ಬಂತು. ಶಾಲೆಗೆ ಒಬ್ಬರೇ. ಅಕ್ಕೋರು ಹಾಡು ಬರುವವರನ್ನೆಲ್ಲ ನಿಲ್ಲಿಸಿ ಕೇಳಿದರು. ನಾನೂ, ನೀಲಾಳೂ ಅದೇ ಆಯಿಯ ಪದ ಹಾಡಿದೆವು. ನಾನು ಐದೂ ನುಡಿ ತಪ್ಪಿಲ್ಲದೆ ಹಾಡಿದೆ. ನೀಲಾ ನಾಲ್ಕನೆಯ ನುಡಿ ಮರೆತಳು, ಮೂರನೆಯದನ್ನೇ ಎರಡು ಸಲ ಹಾಡಿದಳು. ಅಕ್ಕೋರು ಕಣ್ಣು ಒರೆಸಿಕೊಂಡು, "ನೀಲಾ ಹೋಗಲಿ. ಗಿರಿಜಾ, ಆಕೀಗೆ ಏನರ ಆದ್ರ ನೀ ತಯಾರಿರು" ಎಂದರು.

ಮರೆತವಳಿಗೆ ಬಹುಮಾನ, ಬಾಯಿಪಾಠ ಮಾಡಿದವಳಿಗೆ ಕಾಯುವ ಕೆಲಸ. ಇದು ಎಲ್ಲಿಯ ನ್ಯಾಯ ಎಂದು ಮನೆಗೆ ಹೋಗಿ ಆಯಿಯ ಮುಂದೆ ಚೀಲ ಒಗೆದೆ. ಅವಳಾದರೂ ನನ್ನ ಕಡೆ ನಿಲ್ಲುತ್ತಾಳೆ ಎಂಬ ಆಸೆ. ಪದ ಅವಳದು, ಮೊಮ್ಮಗಳು ನಾನು. ಆಯಿ ಶೇಂಗಾ ಸುಲಿಯುತ್ತ ಎಲ್ಲ ಕೇಳಿದಳು. "ನಿನ್ನ ಬಾಯಾಗ ಪದಾ ಓದಿದಂಗ ಆಗತೈತಿ. ನೀಲವ್ವನ ಬಾಯಾಗ ಹಾಡಿದಂಗ ಆಗತೈತಿ. ನಾ ಸುಳ್ಳ ಹೇಳಲೇನು ಮತ್ತ?" ಎಂದಳು. ಹೇಳಬಹುದಿತ್ತು. ಹದಿನಾಲ್ಕು ವರ್ಷದ ಮೊಮ್ಮಗಳಿಗಾಗಿ ಒಂದು ಸುಳ್ಳು ಹೇಳಿದ್ದರೆ ಆಯಿಗೆ ಸ್ವರ್ಗದ ಬಾಗಿಲು ಮುಚ್ಚುತ್ತಿರಲಿಲ್ಲ.

ಮರುದಿನ ಶಾಲೆಯಿಂದ ಬರುವಾಗ ನೀಲಾ ಸೈಕಲ್ಲು ನನ್ನ ಬಾಜೂಕ ತಂದು, "ನಾಲ್ಕನೇ ನುಡಿ ಒಂದಿಷ್ಟ ಹೇಳಿಕೊಡಬೇ, ಮತ್ತ ಮರ್ತೇನಿ" ಎಂದು ಕೇಳಿದಳು. ಅವಳು ಆಡಿದ್ದು ಅಷ್ಟೇ. ನನ್ನೊಳಗೆ ಏನಿತ್ತೋ ಎಲ್ಲ ಒಮ್ಮೆಲೇ ಬಾಯಿಗೆ ಬಂತು. "ಅದು ನಮ್ಮ ಮನಿ ಪದ. ನಿಮ್ಮ ಮನ್ಯಾಗ ಕುರಿ ಅದಾವಲ್ಲ, ಹೋಗಿ ಕುರಿ ಮುಂದ ಹಾಡು" ಎಂದೆ. ನೀಲಾ ಸೈಕಲ್ಲು ನಿಲ್ಲಿಸಿ ಕಾಲೂರಿ ನಿಂತಳು. ನಾನು ಮುಂದೆ ಹೋದೆ. ಸಿಟ್ಟಿನಲ್ಲಿ ಆಡಿದ ಮಾತು, ಮನೆ ಮುಟ್ಟುವಷ್ಟರಲ್ಲಿ ನನಗೆ ಮರೆತೂ ಹೋಗಿತ್ತು. ಮೊದಲು ಅವಳು ಬಂದು ಮಾತಾಡಲಿ ಎಂದುಕೊಂಡೆ. ಅವಳು ಬರಲಿಲ್ಲ.

ಹತ್ತು ದಿನ ಮಾತಿಲ್ಲ. ಆ ಹತ್ತು ದಿನದಲ್ಲಿ ಎರಡು ಸಲ ಮಳೆ ಬಿತ್ತು. ಇಬ್ಬರೂ ಒಂದೇ ಹಾದಿ, ನಡುವೆ ಇನ್ನೂರು ಹೆಜ್ಜೆ ಅಂತರ. ಒಬ್ಬಳೇ ಸೈಕಲ್ಲಿನ ಮಣ್ಣು ತೆಗೆಯುವುದು ಹೇಗೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಎಡಗೈಯಿಂದ ಸೀಟು ಎತ್ತಿ ಹೊಟ್ಟೆಗೆ ಆನಿಸಿಕೊಳ್ಳಬೇಕು, ಬಲಗೈಯಲ್ಲಿ ಕಟ್ಟಿಗೆ ಹಿಡಿಯಬೇಕು. ಸೈಕಲ್ಲು ತಿರುಗಿ ಮೈಮೇಲೆ ಬೀಳುತ್ತದೆ. ಬಿದ್ದೆ. ಹಿಂದಿರುಗಿ ನೋಡಿದರೆ ದೂರದಲ್ಲಿ ಅವಳೂ ಬಿದ್ದಿದ್ದಳು. ಇಬ್ಬರೂ ಎದ್ದು, ನೋಡದವರ ಹಾಗೆ ಮತ್ತೆ ಮಣ್ಣು ಕೆದರಿದೆವು. ಶಾಲೆಯಲ್ಲಂತೂ ಶಶಿಕಲಾ ನಡುವೆ ಗೋಡೆಯ ಹಾಗೆ ಇದ್ದೇ ಇದ್ದಳು. ನೀಲಾ ಹಾಡುವಾಗ ಅವಳು ಬೆರಳಿನಿಂದ ತಾಳ ಹಾಕುತ್ತಿದ್ದಳು, ಅದೂ ತಪ್ಪು ತಾಳ.

ಸ್ಪರ್ಧೆಯ ಹಿಂದಿನ ದಿನದ ಸಂಗತಿ ಈಗ ಹೇಳಬೇಕು. ಇಲ್ಲಿ ಸ್ವಲ್ಪ ನನ್ನ ದನಿ ತಗ್ಗುತ್ತದೆ, ಕ್ಷಮಿಸಿ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಗೇಟಿನ ಹೊರಗೆ ಐಸ್‌ಕ್ಯಾಂಡಿಯ ಕಾಕಾ ಬರುತ್ತಿದ್ದ. ಸೈಕಲ್ಲಿನ ಹಿಂದೆ ಡಬ್ಬಿ, ಕೈಯಲ್ಲಿ ಗಂಟೆ. ಅಕ್ಕೋರು ನೀಲಾಳಿಗೆ ತಣ್ಣಗಿನದು, ಹುಳಿ, ಎಣ್ಣೆಯದು ಯಾವುದನ್ನೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ನೀಲಾಳಿಗೆ ಐಸ್‌ಕ್ಯಾಂಡಿ ಎಂದರೆ ಪ್ರಾಣ. ನಾನು ಹೋಗಿ ಎರಡು ಕೊಂಡೆ. ಯಾಕೆ ಎರಡು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ನನಗೆ, ಇನ್ನೊಂದು ಅವಳಿಗೆ. ರಾಜಿಯಾಗಲು ಬಂದವಳ ಹಾಗೆ ಹೋಗಿ ಕೊಡುವುದು. ಅವಳು ಬೇಡ ಎನ್ನಲಾರಳು. ನಾಳೆ ಅವಳ ಗಂಟಲು ಕಟ್ಟುತ್ತದೆ, ತಯಾರಿರು ಎಂದು ಹೇಳಿಸಿಕೊಂಡವಳು ತಯಾರಾಗಿಯೇ ಇರುತ್ತಾಳೆ. ಹದಿನಾಲ್ಕನೆಯ ವಯಸ್ಸಿಗೆ ಇಂಥ ಬುದ್ಧಿ ಎಲ್ಲಿಂದ ಬಂತೋ ತಿಳಿಯದು. ಗಣಿತದಲ್ಲಿ ಬರಬಾರದಿತ್ತೇ.

ನೀಲಾ ಶಾಲೆಯ ಹಿಂದಿನ ಮೆಟ್ಟಿಲಿನ ಮೇಲೆ ಒಬ್ಬಳೇ ಕೂತು ಬಾಯಲ್ಲೇ ಪದ ಅಂದುಕೊಳ್ಳುತ್ತಿದ್ದಳು. ನಾಲ್ಕನೆಯ ನುಡಿಗೆ ಬಂದು ನಿಂತಳು. ಮರೆತಿತ್ತು. ಆಗ ತಲೆ ಎತ್ತಿದವಳು ನನ್ನನ್ನು ಕಂಡಳು. ಸ್ವಲ್ಪ ಸರಿದು ಮೆಟ್ಟಿಲಿನ ಮೇಲೆ ಜಾಗ ಮಾಡಿದಳು. ಅಷ್ಟೇ. ತನ್ನ ಲಂಗದ ಅಂಚನ್ನೂ ಎಳೆದುಕೊಂಡಳು, ನಾನು ಕೂರಲಿ ಎಂದು.

ಕೈಯಲ್ಲಿ ಕರಗುತ್ತಿದ್ದ ಎರಡು ಐಸ್‌ಕ್ಯಾಂಡಿ ಹಿಡಿದು ನಾನು ಅಲ್ಲೇ ಗಕ್ಕನೆ ತಿರುಗಿದೆ. ನೀರಿನ ಟಾಕಿಯ ಹಿಂದೆ ಹೋಗಿ ನಿಂತು ಎರಡನ್ನೂ ತಿಂದೆ. ಚೆಲ್ಲಲು ಮನಸ್ಸು ಬರಲಿಲ್ಲ, ಯಾರಿಗಾದರೂ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ. ಒಂದರ ಮೇಲೊಂದು ಗಬಗಬನೆ ಕಡಿದು ತಿಂದೆ, ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ನೀರು ಹಲ್ಲಿನಿಂದಲೇ ಬಂದದ್ದು ಎಂದು ಇಂದಿಗೂ ಹೇಳುತ್ತೇನೆ.

ನನ್ನ ಗ್ರಹಚಾರ ನೋಡಿ. ನಾನು ಎರಡು ಕೊಂಡದ್ದನ್ನೂ, ಅವನ್ನು ಹಿಡಿದು ನೀಲಾ ಕೂತ ಕಡೆ ಹೋದದ್ದನ್ನೂ ಶಶಿಕಲಾ ನೋಡಿದ್ದಳು. ತಿರುಗಿ ಬಂದದ್ದನ್ನು ಮಾತ್ರ ನೋಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ನೀರಿನ ಟಾಕಿಯೊಂದೇ ಸಾಕ್ಷಿ.

ಮರುದಿನ ಬೆಳಿಗ್ಗೆ ಎದ್ದರೆ ನನ್ನ ದನಿ ಇಲ್ಲ. ಆಯಿ ಅರಿಶಿನದ ಹಾಲು ಕೊಟ್ಟಳು, ಏನೂ ಆಗಲಿಲ್ಲ. ಶಾಲೆಗೆ ಹೋದರೆ ಅಕ್ಕೋರು ಅಂಗಳದಲ್ಲಿ ನಿಂತಿದ್ದರು, ರೇಷ್ಮೆ ಸೀರೆ ಉಟ್ಟು, ನವಲಗುಂದದ ಬಸ್ಸಿಗೆ ಹೊರಟು. ಅವರ ಮುಂದೆ ನೀಲಾ ತಲೆ ತಗ್ಗಿಸಿ ನಿಂತಿದ್ದಳು. ಅವಳ ದನಿಯೂ ಹೋಗಿತ್ತು. ಅಕ್ಕೋರು ನನ್ನ ಕಡೆ ತಿರುಗಿ, "ಗಿರಿಜಾ, ನೀನರ ಹಾಡವಾ" ಎಂದರು. ನಾನು ಬಾಯಿ ತೆರೆದೆ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಒಂದು ಸಪ್ಪಳ ಬಂತು.

"ಇಬ್ರದೂ ಒಮ್ಮೆಲೇ ಹೆಂಗ ಹೋತು?" ಎಂದರು ಅಕ್ಕೋರು.

ಶಶಿಕಲಾ ಮುಂದೆ ಬಂದಳು. "ಅಕ್ಕೋರ, ನಿನ್ನೆ ಗಿರಿಜಾ ಎರಡ ಐಸ್‌ಕ್ಯಾಂಡಿ ತಗೊಂಡು ನೀಲಾನ ಕಡೆ ಹೋಗಿದ್ಲರಿ. ನಾ ಕಣ್ಣಾರೆ ನೋಡೇನ್ರಿ. ನೀಲಾಂದು ಕೆಡಸಾಕ ಹೋಗಿ ತಂದೂ ಕೆಡಸ್ಕೊಂಡಾಳ್ರಿ."

ಇಷ್ಟು ಗಟ್ಟಿಯಾದ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗಲಿಕ್ಕಿಲ್ಲ. ಎರಡು ಐಸ್‌ಕ್ಯಾಂಡಿ, ಕೆಟ್ಟ ಎರಡು ಗಂಟಲು. ನಾನು ಇಲ್ಲ ಎಂದು ತಲೆಯಾಡಿಸಿದೆ, ಕೈ ಆಡಿಸಿದೆ, ಎರಡೂ ನಾನೇ ತಿಂದೆ ಎಂದು ಎರಡು ಬೆರಳು ತೋರಿಸಿ ನನ್ನ ಎದೆ ಮುಟ್ಟಿಕೊಂಡೆ. ಎರಡೂ ನಾನೇ ಕೊಂಡೆ ಎಂದು ಒಪ್ಪಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಕೊನೆಗೆ ಅಕ್ಕೋರು ನೀಲಾಳನ್ನೇ ಕೇಳಿದರು. "ಖರೇ ಹೇಳು. ಐಸ್‌ಕ್ಯಾಂಡಿ ತಿಂದೇನು?"

ನೀಲಾ ನನ್ನ ಕಡೆ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ನೆಲ ನೋಡಿದಳು. ಹೌದೆಂದೂ ತಲೆಯಾಡಿಸಲಿಲ್ಲ, ಇಲ್ಲವೆಂದೂ ಆಡಿಸಲಿಲ್ಲ.

ಅಕ್ಕೋರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚಲೋ ಆಗುತ್ತಿತ್ತು. "ನಿನ್ನಂಥಾಕಿ ಹಿಂಗ ಮಾಡ್ತಿ ಅಂತ ನಾ ತಿಳಿದಿದ್ದಿಲ್ಲ" ಎಂದು, ರೇಷ್ಮೆ ಸೀರೆಯಲ್ಲೇ ಹೋಗಿ ಪಾಠ ಮಾಡಿದರು. ಆ ವರ್ಷ ನಮ್ಮ ಶಾಲೆಯಿಂದ ಯಾರೂ ಹಾಡಲಿಲ್ಲ.

ಅದಾದ ಮೇಲೆ ನಾನು ಕಿಟಕಿಯ ಬೆಂಚಿಗೆ ಹೋದೆ. ಹತ್ತನೆಯದರಲ್ಲಿ ಯಾರ್ಯಾರೋ ಗೆಳತಿಯರಾದರು. ಪರೀಕ್ಷೆ ಮುಗಿದ ದಿನ ಎಲ್ಲರೂ ಒಬ್ಬರ ನೋಟುಬುಕ್ಕಿನಲ್ಲಿ ಒಬ್ಬರು ಏನೋ ಬರೆದುಕೊಟ್ಟರು, ನಾವಿಬ್ಬರು ಬರೆಯಲಿಲ್ಲ. ನಾನು ಧಾರವಾಡಕ್ಕೆ ಓದಲು ಹೋದೆ. ನೀಲಾಳಿಗೆ ಕುಂದಗೋಳದ ಕಡೆ ಲಗ್ನವಾಯಿತು. ನನಗೆ ಕರೆ ಬರಲಿಲ್ಲ. ಆಯಿಗೆ ಬಂದಿತ್ತು. ಹೋಗಿ ಉಂಡು, ಅಡಿಕೆಲೆ ತಂದು, "ಹುಡುಗಿ ಭಾಳ ಚಂದ ಕಾಣತಿದ್ಲು" ಎಂದು ನನ್ನ ಮುಂದೆಯೇ ಹೇಳಿದಳು. ಆಯಿಯ ಬಗ್ಗೆಯೂ ನನಗೆ ಒಂದು ಸಿಟ್ಟು ಬಾಕಿ ಇದೆ, ಆದರೆ ಈಗ ಅವಳಿಲ್ಲ.

ಗಂಡ ಹೆಂಡತಿ ಬೇರೆಯಾದರೆ ಹಿರಿಯರು ಕೂತು ಮಾತಾಡುತ್ತಾರೆ. ಅಣ್ಣ ತಮ್ಮ ಬೇರೆಯಾದರೆ ಹೊಲಕ್ಕೆ ಬಾಂದಿನ ಕಲ್ಲು ಹಾಕುತ್ತಾರೆ. ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು ಬೇರೆಯಾದರೆ ದೊಡ್ಡವರು ನಗುತ್ತಾರೆ. ನಮ್ಮ ಶಾಲೆಯಲ್ಲೂ ಅಷ್ಟೇ. ಮೊನ್ನೆ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದು, "ಟೀಚರ್, ನನಗ ಬ್ಯಾರೆ ಕಡೆ ಕೂಡ್ರಸ್ರಿ" ಎಂದು ಅತ್ತರೆ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಾಗೆಂದು ಮಹಾ ಉಪಕಾರವನ್ನೂ ಮಾಡಲಿಲ್ಲ. ಏನು ಹೇಳಬೇಕು ಎಂದು ತಿಳಿಯದೆ ಅವಳಿಗೆ ಒಂದು ಚಾಕ್‌ಪೀಸಿನ ಡಬ್ಬಿ ತರಲು ಕಳಿಸಿದೆ.

ಇರಲಿ. ಹಾಲು ಉಕ್ಕಿದ ಆ ಸಂಜೆ ನಾನು ಒಲೆ ಒರೆಸಿ, ಗುಂಪಿನಿಂದ ನೀಲಾಳ ನಂಬರು ತೆಗೆದು ಫೋನು ಹಚ್ಚಿದೆ. ಏನು ಹೇಳಬೇಕು ಎನ್ನುವುದು ಸಿದ್ಧವಿತ್ತು. ಹದಿನಾರು ವರ್ಷ ಬಚ್ಚಲಲ್ಲಿ, ಬಸ್ಸಿನಲ್ಲಿ, ಮೌಲ್ಯಮಾಪನದ ಕೋಣೆಯಲ್ಲಿ ನನ್ನಷ್ಟಕ್ಕೆ ಹೇಳಿ ಹೇಳಿ ತಿದ್ದಿದ ಮಾತುಗಳು.

"ಯಾರ್ರೀ?" ಎಂದಳು. ಅದೇ ದನಿ, ಸ್ವಲ್ಪ ದಪ್ಪವಾಗಿತ್ತು.

"ನಾನು ಗಿರಿಜಾ."

"ಗೊತ್ತಾತು" ಎಂದಳು. "ಫೋನ್ ಮಾಡ್ತಿ ಅಂತ ಗೊತ್ತಿತ್ತು."

"ನಾ ನಿನಗ ಐಸ್‌ಕ್ಯಾಂಡಿ ಕೊಟ್ಟಿದ್ನೇನು? ಅಷ್ಟ ಹೇಳು ನನಗ."

"ಕೊಟ್ಟಿದ್ದಿಲ್ಲ."

"ಮತ್ತ ಅವತ್ತ ಅಕ್ಕೋರ ಮುಂದ ಯಾಕ ಸುಮ್ನ ನಿಂತಿ? ಇವತ್ತರ ಯಾಕ ಸುಮ್ನ ಅದಿ? ಹದಿನಾರ ವರ್ಷ ಮಂದಿ ಬಾಯಾಗ ಕಳ್ಳಿ ಮಾಡಿದಿ ನನ್ನ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಹಿಂದಿನ ದಿನ ಸಂಜಿಮುಂದ ನಮ್ಮ ಕುರಿ ದಡ್ಡಿಗೆ ನಾಯಿ ಹೊಕ್ಕಿದ್ವು. ಮನ್ಯಾಗ ನಾ ಒಬ್ಬಾಕಿನ ಇದ್ನಿ. ನಾಯಿ ಬೆದರಸ್ತ, ಅಪ್ಪನ್ನ ಕೂಗಿ ಕೂಗಿ ದನಿ ಹೋತು. ಒಂದು ಮರಿ ಸತ್ತಿತ್ತು."

"ಅದನ್ನ ಹೇಳಬೇಕಿಲ್ಲ? ಅದರಾಗ ನಿಂದೇನ ತಪ್ಪಿತ್ತು? ಅಕ್ಕೋರು ಏನೂ ಅಂತಿದ್ದಿಲ್ಲ."

"ಅಕ್ಕೋರಿಗೆ ಹೇಳ್ತಿದ್ನಿ" ಎಂದಳು ನೀಲಾ. "ನೀ ನಿಂತಿದ್ದ್ಯಲ್ಲ ಅಲ್ಲಿ. ಕುರಿ ಮುಂದ ಹಾಡು ಅಂದಾಕಿ ಮುಂದ, ಕುರಿ ಸಲುವಾಗಿ ದನಿ ಹೋತು ಅಂತ ಹೆಂಗ ಹೇಳಲಿ?"

ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ನನಗೆ ಮರೆತೇ ಹೋಗಿದೆ ಎಂದುಕೊಂಡಿದ್ದ ಮಾತು ಅದು. ಅವಳು ಅದನ್ನು ನನ್ನದೇ ದನಿಯಲ್ಲಿ, ನಾನು ಎಳೆದ ಕಡೆಯೇ ಎಳೆದು ಹೇಳಿದಳು. ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತ ಹುಡುಗಿ ಕಣ್ಣಿಗೆ ಕಟ್ಟಿದಳು. ಅವಳು ಅಲ್ಲಿ ಎಷ್ಟು ಹೊತ್ತು ನಿಂತಿದ್ದಳೋ ನಾನು ತಿರುಗಿ ನೋಡಿರಲಿಲ್ಲ. ತಪ್ಪಾಯಿತು ಎಂದೆ. ಹೇಳಿದ್ದು ನನಗೇ ಕೇಳಿಸಲಿಲ್ಲ, ಅದಕ್ಕೆ ಇನ್ನೊಮ್ಮೆ ಹೇಳಿದೆ.

"ಆತ ಬಿಡು" ಎಂದಳು. ಆಮೇಲೆ, ಹದಿನಾರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಕೇಳಿದಳು. "ಅದಿರಲಿ, ನೀ ಎರಡ ಯಾಕ ತಗೊಂಡಿದ್ದಿ?"

ಸುಳ್ಳು ಹೇಳಬಹುದಿತ್ತು. ಹಸಿವೆಯಾಗಿತ್ತು ಎನ್ನಬಹುದಿತ್ತು. "ನಿನಗ ಕೊಡಬೇಕಂತನ ತಗೊಂಡಿದ್ನಿ. ದನಿ ಕೆಡಲಿ ಅಂತ" ಎಂದೆ.

"ಏನಂದಿ?"

"ಆದ್ರ ಕೊಡಲಿಲ್ಲ. ನೀ ಸರದ ಜಾಗ ಮಾಡಿದಿ, ನನಗ ಆಗಲಿಲ್ಲ. ಎರಡೂ ನಾನ ತಿಂದ್ನಿ."

"ಹಂಗಾರ ಶಶಿಕಲಾ ಹೇಳಿದ್ದು ಖರೇನ ಐತಿ" ಎಂದಳು ನೀಲಾ. ದನಿ ಏರಿತ್ತು. "ನಾ ಇಷ್ಟ ವರ್ಷ, ಪಾಪ, ಆಕೀದೇನೂ ತಪ್ಪಿಲ್ಲ, ನನ್ನ ಸಲುವಾಗಿ ಬೈಸ್ಕೊಂಡ್ಲು ಅಂತ ಮನಸಿನ್ಯಾಗ ಕೊರಗೇನಿ. ಹಳವಂಡ ಹಿಡದಂಗ ಆಗಿತ್ತು ನನಗ. ನೀ ನೋಡಿದ್ರ ಕೊಡಾಕನ ಬಂದಿದ್ದಿ?"

"ಖರೆ ಹೆಂಗಾತು? ಕೊಟ್ಟಿಲ್ಲ ಅಂದಮ್ಯಾಲೆ ಖರೆ ಹೆಂಗಾಗತೈತಿ?"

"ಕೊಡಾಕ ಬಂದಿದ್ದಿಲ್ಲೋ?"

"ಬಂದು ತಿರುಗಿ ಹೋಗಿದ್ನಿ. ತಿರುಗಿ ಹೋಗಿದ್ದಕ್ಕ ಏನೂ ಕಿ‌ಮ್ಮತ್ತಿಲ್ಲೇನು?"

"ನನ್ನ ಕಡೆ ಒಂದ ಮಾತ ಹೇಳಿ ತಿರುಗಬೇಕಿತ್ತು. ಮಾರಿ ತಿರುವಿಕೊಂಡು ಹೋದಿ. ನಾ ಜಾಗ ಮಾಡಿದ್ರೂ ಕೂಡ್ರಲಿಲ್ಲ ಅಂತ ನಾ ಅವತ್ತ ಎಷ್ಟ ಅತ್ತೇನಿ ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಆದರೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೊದಲು ನಡುವಿನ ಜಾಗ ಶಶಿಕಲಾಳಿಗೆ ಕೊಟ್ಟವಳು ನೀನು ಎಂದೆ. ಜಾಗ ಕೊಟ್ಟರೆ ಮಾತು ಬಿಡಬೇಕಿತ್ತೇನು ಎಂದು ಅವಳು ಕೇಳಿದಳು. ಪಿಚ್ಚು, ಫ್ಲಾಟು, ನಾಲ್ಕನೆಯ ನುಡಿ, ಲಗ್ನಕ್ಕೆ ಕರೆಯದ್ದು ಎಲ್ಲ ಬಂತು. ಲಗ್ನಕ್ಕೆ ಆಯಿಯ ಕೈಯಲ್ಲಿ ನನಗೂ ಹೇಳಿ ಕಳಿಸಿದ್ದಳಂತೆ. ಆಯಿ ಮರೆತಿದ್ದಳೋ, ಬೇಕೆಂದೇ ಹೇಳಲಿಲ್ಲವೋ, ಈಗ ಕೇಳುವಂತಿಲ್ಲ. ಒಂದು ತಾಸು ಜಗಳವಾಡಿದೆವು. ನನ್ನ ಕಿವಿ ಕಾದು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಮೂರು ಸಲ ಬದಲಿಸಿದೆ. ನಮ್ಮ ಮನೆಯವರು ಬಂದು ಬಾಗಿಲಲ್ಲಿ ನಿಂತು, ಏನೋ ಕೇಳಲು ಹೋಗಿ, ಕೇಳದೆ ಹಾಗೇ ಹೋದರು.

ನನ್ನ ಹತ್ತಿರ ಇನ್ನೂ ಒಂದು ಮಾತು ಉಳಿದಿತ್ತು. ಎಲ್ಲಕ್ಕಿಂತ ಹರಿತವಾದದ್ದು, ಕೊನೆಗೆಂದು ತೆಗೆದಿಟ್ಟದ್ದು. ಅದನ್ನು ಕೇಳಿದರೆ ನೀಲಾ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಅರ್ಧ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಆಚೆಯಿಂದ ಒಂದು ಹುಡುಗಿಯ ದನಿ ಕೇಳಿಸಿತು. ಅವಳ ಮಗಳಿರಬೇಕು, ಹತ್ತು ಹನ್ನೊಂದು ವರ್ಷದವಳು. "ಯಾರ ಜೋಡಿ ಜಗಳಾ ಮಾಡಾಕತ್ತಿಬೇ ಯವ್ವಾ?"

"ನನ್ನ ಗೆಳತಿ ಜೋಡಿ" ಎಂದಳು ನೀಲಾ, ಸಿಟ್ಟಿನಲ್ಲೇ. "ನೀ ಉಣ್ಣ ಹೋಗು." ಆಮೇಲೆ ನನಗೆ, "ಹಾಂ, ಹೇಳು. ಏನೋ ಹೇಳಾಕತ್ತಿದ್ದಿ."

ನನಗೆ ಮುಂದಿನದು ಬಾಯಿಗೆ ಬರಲಿಲ್ಲ. ಎಂಥ ಒಳ್ಳೆಯ ಮಾತಾಗಿತ್ತು ಅದು. ಎರಡು ವಾರದಿಂದ ಯೋಚಿಸುತ್ತಿದ್ದೇನೆ, ಇನ್ನೂ ನೆನಪಾಗುತ್ತಿಲ್ಲ.